ಹಳೆಯ ಒಗೆಯುವ ಯಂತ್ರವೂ ಹಂಡೆಯ ಬಿಸಿನೀರೂ

ಶಿವಮೊಗ್ಗದಲ್ಲೋ ಸಾಗರದಲ್ಲೋ ಒಂದು ಗುಜರಿ ಅಂಗಡಿಯ ಮುಂದೆ ನೀವು ಹಾದು ಹೋಗುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮುರಿದ ಸೈಕಲ್ಲು, ತುಕ್ಕು ಹಿಡಿದ ಪಂಪ್‌ಸೆಟ್ಟುಗಳ ನಡುವೆ ಒಂದು ಹಳೆಯ ಬಟ್ಟೆ ಒಗೆಯುವ ಯಂತ್ರ ನಿಮ್ಮ ಕಣ್ಣಿಗೆ ಬೀಳುತ್ತದೆ. ಎರಡು ತೊಟ್ಟಿ, ಮೂರು ತಿರುಪು ಗುಂಡಿ, ಮಾಸಿದ ಹೆಸರು ಪಟ್ಟಿ. ಅಂಗಡಿಯವರು ತೂಕದ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. ಇದನ್ನು ಕೊಂಡು ಶಿಕಾರಿಪುರ–ಸೊರಬ ಸೀಮೆಯ ಕ್ಯಾಸನೂರಿನ ನಿಮ್ಮ ಮನೆಗೆ ಸಾಗಿಸಿ ಸರಿಪಡಿಸಿದರೆ ಹೇಗೆ? ಈ ಆಲೋಚನೆ ನಿಮಗೆ ಬಂದಿದ್ದರೆ ನೀವು ಒಬ್ಬಂಟಿಯಲ್ಲ. ಹಳೆಯ ಯಂತ್ರಗಳನ್ನು ಹುಡುಕಿ ತಂದು ಮತ್ತೆ ಓಡಿಸುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ.

ಆದರೆ ಹಣ ಕೊಡುವ ಮೊದಲು ಸ್ವಲ್ಪ ನಿಲ್ಲಿ. ನೀವು ಕೊಳ್ಳುತ್ತಿರುವುದು ಕೇವಲ ತಗಡು, ಮೋಟರು, ಪ್ಲಾಸ್ಟಿಕ್ಕುಗಳನ್ನಲ್ಲ. ಅದರ ಒಂದೊಂದು ಭಾಗವೂ ಹಿಂದೆ ಯಾರೋ ಕೈಯಿಂದ ಮಾಡುತ್ತಿದ್ದ ಒಂದೊಂದು ಕೆಲಸದ ಬದಲಿಗೆ ಬಂದದ್ದು. ಯಾವ ಕೆಲಸವನ್ನು ಅದು ವಹಿಸಿಕೊಂಡಿತು, ಯಾವುದನ್ನು ಮನುಷ್ಯರಿಗೇ ಬಿಟ್ಟಿತು ಎಂದು ತಿಳಿದರೆ ದುರಸ್ತಿಯೂ ಸುಲಭ, ಬಳಕೆಯೂ ಕ್ಷೇಮ. ಕ್ಯಾಸನೂರಿನಂತಹ ಊರಿನಲ್ಲಿ ಈ ತಿಳಿವಳಿಕೆಗೆ ಇನ್ನೂ ಒಂದು ಮಹತ್ವವಿದೆ. ಅದನ್ನು ಕೊನೆಯಲ್ಲಿ ನೋಡೋಣ.

ಕೊಳೆ ಹೋಗುವುದು ಹೇಗೆ?

ಬಟ್ಟೆಯ ಕೊಳೆ ಹೋಗಲು ನಾಲ್ಕು ಅಂಶಗಳು ಕೂಡಬೇಕು: ರಾಸಾಯನಿಕ ಕ್ರಿಯೆ, ಯಾಂತ್ರಿಕ ಬಲ, ಉಷ್ಣ ಮತ್ತು ಕಾಲ. ಇದನ್ನು 1959ರಲ್ಲಿ ಒಂದು ವೃತ್ತದ ರೂಪದಲ್ಲಿ ವಿವರಿಸಿದವರು ಜರ್ಮನಿಯ ಹೆಂಕೆಲ್ ಕಂಪನಿಯ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್. ವೃತ್ತದಲ್ಲಿ ಒಂದರ ಪಾಲು ಕಡಿಮೆಯಾದರೆ ಉಳಿದವುಗಳ ಪಾಲು ಹೆಚ್ಚಬೇಕು. ನೀರು ತಣ್ಣಗಿದ್ದರೆ ಹೆಚ್ಚು ಹೊತ್ತು ನೆನೆಸಬೇಕು, ಇಲ್ಲವೆ ಹೆಚ್ಚು ಬಡಿಯಬೇಕು, ಇಲ್ಲವೆ ಹೆಚ್ಚು ಸಾಬೂನು ಹಾಕಬೇಕು. ಅಷ್ಟೆ!

ಈ ಸೂತ್ರಕ್ಕೆ ಹೆಸರು ಬಂದದ್ದು 1959ರಲ್ಲಾದರೂ ನಮ್ಮ ಮಡಿವಾಳರಿಗೆ ಅದು ನೂರಾರು ವರ್ಷಗಳಿಂದ ಗೊತ್ತಿತ್ತು. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಕಾಯಕವೂ ಇದೇ ಅಲ್ಲವೆ? ಬಟ್ಟೆಗಳನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ದೊಡ್ಡ ಪಾತ್ರೆಯ ಮೇಲೆ ಒಟ್ಟಿ, ಕೆಳಗೆ ಬೆಂಕಿ ಹಾಕಿ ಆವಿಯಲ್ಲಿ ಬೇಯಿಸುವುದಕ್ಕೆ ‘ಉಬ್ಬೆ ಹಾಕುವುದು’ ಎನ್ನುತ್ತಾರೆ. ಚೌಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಅದು ಜಿಡ್ಡಿನೊಡನೆ ವರ್ತಿಸಿ ಅದನ್ನು ಸಡಿಲಿಸುತ್ತದೆ. ಇದು ರಾಸಾಯನಿಕ ಕ್ರಿಯೆ. ಆವಿ ಉಷ್ಣವನ್ನು ಕೊಡುತ್ತದೆ. ಗಂಟೆಗಟ್ಟಲೆ ಉಬ್ಬೆಯಲ್ಲಿಡುವುದು ಕಾಲದ ಪಾಲು. ಕೊನೆಗೆ ಕೆರೆಯ ಅಥವಾ ಹೊಳೆಯ ಕಲ್ಲಿನ ಮೇಲೆ ಒಗೆಯುವುದು ಯಾಂತ್ರಿಕ ಬಲ. ಸಿನ್ನರ್ ವೃತ್ತದ ನಾಲ್ಕೂ ಪಾಲು ಇಲ್ಲಿವೆ!

ಮನೆಗಳಲ್ಲಿ ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ ತಿಳಿ ತೆಗೆದು ಬಳಸುತ್ತಿದ್ದರು. ಅದರಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟ್. ಮಲೆನಾಡಿನಲ್ಲಿ ಅಂಟುವಾಳ ಮತ್ತು ಸೀಗೆಕಾಯಿಗೆ ಬರವಿರಲಿಲ್ಲ. ಇವುಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಆಗ ನೀರು ನೂಲಿನ ಎಳೆಗಳ ನಡುವೆ ಸುಲಭವಾಗಿ ನುಗ್ಗುತ್ತದೆ. ರೇಷ್ಮೆ ಸೀರೆಗೆ ಇಂದಿಗೂ ಅಂಟುವಾಳವೇ ಒಳ್ಳೆಯದು ಎನ್ನುವ ಅಜ್ಜಿಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಕ್ಷಾರ ಹೆಚ್ಚಿರುವ ಸಾಬೂನು ರೇಷ್ಮೆಯ ಪ್ರೋಟೀನನ್ನು ಕೆಡಿಸುತ್ತದೆ. ಅಂಟುವಾಳದ ನೊರೆಯಲ್ಲಿ ಆ ದೋಷವಿಲ್ಲ.

ಹಾಗಾದರೆ ಒಗೆಯುವ ಯಂತ್ರ ಮಾಡಿದ್ದೇನು? ಅದು ಮುಖ್ಯವಾಗಿ ವಹಿಸಿಕೊಂಡದ್ದು ಒಂದೇ ಪಾಲನ್ನು, ಯಾಂತ್ರಿಕ ಬಲವನ್ನು. ಉಳಿದ ಮೂರು ಪಾಲುಗಳು ಬೇರೆ ಕಡೆಯಿಂದ ಬರಬೇಕಾಯಿತು. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮರದ ತೊಟ್ಟಿಯಿಂದ ಮೋಟರಿಗೆ

1767ರಲ್ಲಿ ಜರ್ಮನಿಯ ರೇಗನ್ಸ್‌ಬುರ್ಗ್ ನಗರದ ಯಾಕೋಬ್ ಕ್ರಿಸ್ಟಿಯಾನ್ ಶೇಫರ್ ಎಂಬ ಪಾದ್ರಿ ಕೈಯಿಂದ ತಿರುಗಿಸುವ ಒಗೆಯುವ ಯಂತ್ರದ ವಿನ್ಯಾಸವನ್ನು ಪ್ರಕಟಿಸಿದ. ಅದು ಮರದ ತೊಟ್ಟಿ ಮತ್ತು ಹಿಡಿಕೆಯುಳ್ಳ ಕಡೆಯುವ ಸಾಧನ. ನಮ್ಮ ಮಜ್ಜಿಗೆ ಕಡೆಯುವ ಕಡಗೋಲಿಗೆ ಅದು ದೂರದ ನೆಂಟನೆನ್ನಬಹುದು. 1797ರಲ್ಲಿ ಅಮೆರಿಕದ ನಥಾನಿಯಲ್ ಬ್ರಿಗ್ಸ್ ಬಟ್ಟೆ ಒಗೆಯುವ ಸಾಧನಕ್ಕೆ ಪೇಟೆಂಟ್ ಪಡೆದ. ಆದರೆ 1836ರಲ್ಲಿ ಅಲ್ಲಿನ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದು ದಾಖಲೆಗಳೆಲ್ಲ ಸುಟ್ಟವು. ಹೀಗಾಗಿ ಅವನ ಯಂತ್ರ ಹೇಗಿತ್ತೆಂಬುದು ಅದರೊಡನೆಯೇ ಹೋಯಿತು. 1851ರಲ್ಲಿ ಜೇಮ್ಸ್ ಕಿಂಗ್ ಸಿಲಿಂಡರಿನಾಕಾರದ ಡ್ರಮ್ಮಿನ ಯಂತ್ರ ರೂಪಿಸಿದ. 1858ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟ. ಇವೆಲ್ಲ ಕೈಯಿಂದ ತಿರುಗಿಸುವಂಥವು. ತೋಳಿನ ಶ್ರಮ ಕಲ್ಲಿನಿಂದ ಹಿಡಿಕೆಗೆ ವರ್ಗವಾಯಿತು, ಅಷ್ಟೆ.

ದೊಡ್ಡ ಬದಲಾವಣೆ ತಂದದ್ದು ವಿದ್ಯುತ್ ಮೋಟರು. ಎ.ಸಿ. ವಿದ್ಯುತ್ತಿನಿಂದ ನಡೆಯುವ ಇಂಡಕ್ಷನ್ ಮೋಟರಿನ ತತ್ತ್ವವನ್ನು ಇಟಲಿಯ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲಾ ಪ್ರತ್ಯೇಕವಾಗಿ ಕಂಡುಕೊಂಡು 1888ರಲ್ಲಿ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿದ್ಯುತ್ ಮೋಟರು ಒಗೆಯುವ ತೊಟ್ಟಿಗೆ ಬಂತು. ಇದನ್ನು ಕಂಡುಹಿಡಿದವನು ಆಲ್ವಾ ಫಿಷರ್ ಎಂದು ಅನೇಕ ಪುಸ್ತಕಗಳಲ್ಲಿ ಓದಿರುತ್ತೀರಿ. ಷಿಕಾಗೋದ ಹರ್ಲಿ ಕಂಪನಿಯ ‘ಥಾರ್’ ಯಂತ್ರಕ್ಕೆ ಸಂಬಂಧಿಸಿದ ಅವನ ಪೇಟೆಂಟ್ 1910ರದು. ಆದರೆ 1904ರ ಅಮೆರಿಕದ ಪತ್ರಿಕೆಗಳಲ್ಲೇ ವಿದ್ಯುತ್ ಒಗೆಯುವ ಯಂತ್ರದ ಜಾಹೀರಾತುಗಳಿವೆ! ಯಾವುದೇ ಯಂತ್ರಕ್ಕೆ ಒಬ್ಬನೇ ಜನಕನನ್ನು ಹುಡುಕುವುದು ಎಷ್ಟು ಅಪಾಯವೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಅಮೆರಿಕದ ಹಳ್ಳಿಗಳಿಗೂ ಆಗ ವಿದ್ಯುತ್ ಬಂದಿರಲಿಲ್ಲ. ಅಯೋವಾ ರಾಜ್ಯದ ಮೇಟ್ಯಾಗ್ ಕಂಪನಿ 1910ರ ದಶಕದಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ನಿನಿಂದ ನಡೆಯುವ ಯಂತ್ರವನ್ನು ರೈತರ ಮನೆಗಳಿಗೆ ಮಾರಿತು. 1922ರಲ್ಲಿ ಅದೇ ಕಂಪನಿ ತೊಟ್ಟಿಯ ತಳದಲ್ಲಿ ಅಜಿಟೇಟರ್ ಎಂಬ ಕಲಕುವ ಸಾಧನವನ್ನಿಟ್ಟ ಯಂತ್ರ ತಂದಿತು. ಅದುವರೆಗೆ ಬಟ್ಟೆಯನ್ನು ನೀರಿನಲ್ಲಿ ಎಳೆದಾಡಿಸುತ್ತಿದ್ದರು. ಈಗ ನೀರನ್ನೇ ಬಟ್ಟೆಯೊಳಗೆ ನುಗ್ಗಿಸುವ ಉಪಾಯ ಬಂತು. ಬಟ್ಟೆಯ ಬಾಳಿಕೆ ಇದರಿಂದ ಹೆಚ್ಚಿತು.

ಆ ಕಾಲದ ಯಂತ್ರಗಳ ಮೇಲೆ ಎರಡು ರಬ್ಬರ್ ಉರುಳೆಗಳಿರುತ್ತಿದ್ದವು. ಕಬ್ಬಿನ ಗಾಣದಂತೆ ಅವುಗಳ ನಡುವೆ ಬಟ್ಟೆಯನ್ನು ತೂರಿಸಿ ನೀರು ಹಿಂಡುವುದು ಕ್ರಮ. ಬಟ್ಟೆಯ ಜೊತೆಗೆ ಬೆರಳು, ಕೈ ಸಿಕ್ಕಿಕೊಂಡ ಅಪಘಾತಗಳು, ಅದರಲ್ಲೂ ಮಕ್ಕಳಿಗೆ ಆದವು, ಎಷ್ಟಿದ್ದವೆಂದರೆ ವೈದ್ಯರು 1930ರ ದಶಕದಲ್ಲಿ ಆ ಗಾಯಕ್ಕೆ ಒಂದು ಪ್ರತ್ಯೇಕ ಹೆಸರನ್ನೇ ಇಟ್ಟರು. ಉರುಳೆಗಳಿರುವ ಯಂತ್ರ ನಿಮಗೆ ಸಿಕ್ಕರೆ ಉರುಳೆಗಳನ್ನು ಥಟ್ಟನೆ ಬಿಡಿಸುವ ಸನ್ನೆ ಕೆಲಸ ಮಾಡುತ್ತದೆಯೇ ಎಂದು ಮೊದಲು ನೋಡಿ. ಅದು ಕೆಟ್ಟಿದ್ದರೆ ಯಂತ್ರವನ್ನು ಪ್ರದರ್ಶನಕ್ಕೆ ಇಡಿ, ಓಡಿಸಬೇಡಿ.

1937ರಲ್ಲಿ ಬೆಂಡಿಕ್ಸ್ ಎಂಬ ಸ್ವಯಂಚಾಲಿತ ಯಂತ್ರ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ತಾನೇ ನೀರು ತುಂಬಿ, ಒಗೆದು, ಜಾಲಿಸಿ, ಹಿಂಡುತ್ತಿತ್ತು. ಆದರೆ ಅದರ ಅದುರುವಿಕೆ ಎಷ್ಟಿತ್ತೆಂದರೆ ಯಂತ್ರವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಾಗಿತ್ತು!

ಜಪಾನಿನ ದಾರಿಯಾಗಿ ನಮ್ಮಲ್ಲಿಗೆ

ನಿಮ್ಮ ಗುಜರಿ ಅಂಗಡಿಯ ಎರಡು ತೊಟ್ಟಿಯ ಯಂತ್ರದ ವಂಶವೃಕ್ಷ ಮಾತ್ರ ಬೇರೆ ದಿಕ್ಕಿನಲ್ಲಿದೆ. 1948ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಮರ್ಥರ್ ಟಿಡ್ಫಿಲ್‌ನಲ್ಲಿ ಹೂವರ್ ಕಂಪನಿ ಒಂದು ಕಾರ್ಖಾನೆ ತೆರೆಯಿತು. ಅಲ್ಲಿ ತಯಾರಾದ ಪುಟ್ಟ ಯಂತ್ರದ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಒಂದು ತಿರುಗುವ ತಟ್ಟೆ ಇತ್ತು. ಅದು ನೀರಿನಲ್ಲಿ ಸುಳಿ ಎಬ್ಬಿಸುತ್ತಿತ್ತು. ಇದನ್ನು ಕಂಡು ಪ್ರೇರಣೆ ಪಡೆದ ಜಪಾನಿನ ಸಾನ್ಯೊ ಕಂಪನಿ 1953ರಲ್ಲಿ ಅಂಥದೇ ತಟ್ಟೆಯುಳ್ಳ ಅಗ್ಗದ ಯಂತ್ರ ತಯಾರಿಸಿತು. ಪಲ್ಸೇಟರ್ ಎಂದು ಕರೆಯುವ ಈ ತಟ್ಟೆ ಮುಂದೆ ತೊಟ್ಟಿಯ ತಳಕ್ಕೆ ಬಂತು. ಯುದ್ಧದಿಂದ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ ಒಗೆಯುವ ಯಂತ್ರ, ರೆಫ್ರಿಜಿರೇಟರ್, ಟೆಲಿವಿಷನ್ ಈ ಮೂರನ್ನು ಜನ ‘ಮೂರು ಪವಿತ್ರ ನಿಧಿಗಳು’ ಎಂದು ತಮಾಷೆಯಾಗಿ ಕರೆಯುತ್ತಿದ್ದರು.

ಈ ಜಪಾನೀ ಮಾದರಿ ನಮ್ಮ ದೇಶದಲ್ಲಿ ಬೇರು ಬಿಟ್ಟದ್ದು 1980ರ ದಶಕದ ಕೊನೆಯಲ್ಲಿ. ವಿಡಿಯೋಕಾನ್, ಬಿ.ಪಿ.ಎಲ್. ಹೆಸರಿನ ಎರಡು ತೊಟ್ಟಿಯ ಯಂತ್ರಗಳು 1990ರ ದಶಕದಲ್ಲಿ ಕರ್ನಾಟಕದ ನಗರಗಳ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕವು. ಮುಂದುಗಡೆ ಬಾಗಿಲಿರುವ ಐ.ಎಫ್.ಬಿ. ಯಂತ್ರಗಳು ಬಂದದ್ದೂ 1990ರ ಆಸುಪಾಸಿನಲ್ಲೇ. ಎರಡು ತೊಟ್ಟಿಯ ಯಂತ್ರ ನಮಗೆ ಒಗ್ಗಿದ್ದಕ್ಕೆ ಸರಳವಾದ ಕಾರಣವಿದೆ. ಅದಕ್ಕೆ ಸದಾ ಒತ್ತಡದಲ್ಲಿ ಹರಿಯುವ ನಲ್ಲಿ ನೀರು ಬೇಡ. ಬಾವಿಯಿಂದ ಸೇದಿ ಕೊಡದಲ್ಲಿ ತಂದು ಸುರಿದರೂ ಸಾಕು. ಕರೆಂಟು ಹೋದರೆ ಬಟ್ಟೆಯನ್ನು ತೆಗೆದು ಕೈಯಲ್ಲೇ ಜಾಲಿಸಬಹುದು.

ಒಗೆಯುವ ಪುಡಿಯೂ ಇಲ್ಲದೆ ಯಂತ್ರ ಇಷ್ಟು ಹರಡುತ್ತಿರಲಿಲ್ಲ. ಸಾಬೂನು ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೊಡನೆ ಸೇರಿ ಬೂದು ಬಣ್ಣದ ಗಷ್ಟಾಗುತ್ತದೆ. ಯಂತ್ರದ ಸಂದುಗೊಂದುಗಳಲ್ಲಿ ಅದು ಕೂತರೆ ತೆಗೆಯುವುದು ಕಷ್ಟ. ಕೃತಕ ಮಾರ್ಜಕಗಳಲ್ಲಿ ಈ ತೊಂದರೆ ಕಡಿಮೆ. ಭಾರತದಲ್ಲಿ ಸರ್ಫ್ 1959ರಲ್ಲಿ ಬಂತು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ಮನೆಯಲ್ಲೇ ತಯಾರಿಸಿ ಮಾರಲಾರಂಭಿಸಿದ ನಿರ್ಮಾ ಅದನ್ನು ಬಡವರ ಬಕೆಟ್ಟಿಗೂ ತಲುಪಿಸಿತು.

ಕೊಳ್ಳುವಾಗ ಹೆಸರು ಪಟ್ಟಿ ಓದಿ

ಯಂತ್ರದ ಹಿಂಬದಿಯಲ್ಲಿ ಒಂದು ಲೋಹದ ಪಟ್ಟಿ ಇರುತ್ತದೆ. ಅದರಲ್ಲಿ ವೋಲ್ಟೇಜು, ಹರ್ಟ್ಸ್, ವ್ಯಾಟ್ ಬರೆದಿರುತ್ತದೆ. ಇದು ಯಂತ್ರದ ಜಾತಕ. 230 ವೋಲ್ಟ್, 50 ಹರ್ಟ್ಸ್ ಎಂದಿದ್ದರೆ ಚಿಂತೆಯಿಲ್ಲ. ಯಾರೋ ವಿದೇಶದಿಂದ ತಂದ 110 ವೋಲ್ಟ್, 60 ಹರ್ಟ್ಸ್‌ನ ಯಂತ್ರವಾದರೆ ಎಚ್ಚರ. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಬಹುದು. ಆದರೆ ಟ್ರಾನ್ಸ್‌ಫಾರ್ಮರ್ ಆವರ್ತಸಂಖ್ಯೆಯನ್ನು ಬದಲಿಸುವುದಿಲ್ಲ. ನಾಲ್ಕು ಧ್ರುವಗಳ ಮೋಟರಿನ ಕಾಂತಕ್ಷೇತ್ರ 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1800 ಸುತ್ತು ತಿರುಗಿದರೆ 50 ಹರ್ಟ್ಸ್‌ನಲ್ಲಿ 1500 ಸುತ್ತು. ವೇಗ ಕುಂದುವುದಷ್ಟೇ ಅಲ್ಲ, ಅದೇ ವೋಲ್ಟೇಜಿನಲ್ಲಿ ಮೋಟರಿನ ಕಬ್ಬಿಣದ ತಿರುಳು ಕಾಂತಪ್ರವಾಹವನ್ನು ತಾಳಲಾರದೆ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಸುಮಾರು 92ಕ್ಕೆ ಇಳಿಸಬೇಕು.

ಇದು ನಮ್ಮ ನಾಡಿಗೆ ಹೊಸ ಸಮಸ್ಯೆಯಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 25 ಹರ್ಟ್ಸ್‌ನದು. 1948ರಲ್ಲಿ ನಮ್ಮ ಜಿಲ್ಲೆಯ ಜೋಗದಲ್ಲಿ ಆರಂಭವಾದ ಉತ್ಪಾದನೆ 50 ಹರ್ಟ್ಸ್‌ನದು. ಒಂದು ಕಡೆಯ ಮೋಟರನ್ನು ಇನ್ನೊಂದು ಕಡೆಗೆ ಒಯ್ದರೆ ಅದರ ವೇಗವೇ ಬದಲಾಗುತ್ತಿತ್ತು!

ಇನ್ನು ಮೂರು ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಿ. ಪ್ಲಗ್ ಹಾಕದೆ ಪಲ್ಸೇಟರನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಬೇಕು, ಕರಕರ ಸದ್ದು ಬಂದರೆ ಬೇರಿಂಗು ಹೋಗಿದೆ. ಹಿಂಡುವ ಬುಟ್ಟಿಯನ್ನು ಅಲುಗಾಡಿಸಿ ನೋಡಿ. ಯಂತ್ರವನ್ನು ಸ್ವಲ್ಪ ಓರೆ ಮಾಡಿಸಿ ತಳದ ಚೌಕಟ್ಟು ನೋಡಿ. ಮೇಲ್ಮೈ ತುಕ್ಕನ್ನು ಕೆರೆದು ಬಣ್ಣ ಹಚ್ಚಬಹುದು. ಸ್ಕ್ರೂಡ್ರೈವರಿನಿಂದ ಕುಟ್ಟಿದರೆ ತೂತಾಗುವ ಚೌಕಟ್ಟಿಗೆ ಮಾತ್ರ ಹಣ ಸುರಿಯಬೇಡಿ.

ಸಾಗಿಸುವಾಗ

ಹಳೆಯ ಯಂತ್ರಗಳು ಕೆಡುವುದು ಬಳಕೆಯಲ್ಲಿ ಎಷ್ಟೋ, ಸಾಗಣೆಯಲ್ಲಿಯೂ ಅಷ್ಟೆ. ಒಳಗಿನ ತೊಟ್ಟಿ ಮತ್ತು ಬುಟ್ಟಿ ಸ್ಪ್ರಿಂಗು, ರಬ್ಬರುಗಳ ಮೇಲೆ ತೂಗಾಡುತ್ತಿರುತ್ತವೆ. ಗಾಡಿ ಹಳ್ಳಕ್ಕೆ ಇಳಿದಾಗ ಅವು ಚೌಕಟ್ಟಿಗೆ ಬಡಿಯುತ್ತವೆ. ಮೊದಲು ನೀರನ್ನೆಲ್ಲ ಬಸಿಯಿರಿ. ಬುಟ್ಟಿಯ ಸುತ್ತ ಹಳೆಯ ಬಟ್ಟೆ ತುರುಕಿ ಅಲುಗದಂತೆ ಮಾಡಿ. ಮುಚ್ಚಳ, ಕೊಳವೆ, ವಯರುಗಳನ್ನು ಕಟ್ಟಿ. ಮುಂದುಗಡೆ ಬಾಗಿಲಿನ ಯಂತ್ರವಾದರೆ ಡ್ರಮ್ಮನ್ನು ಬಿಗಿಯುವ ಸಾಗಣೆ ಬೋಲ್ಟುಗಳಿಗೆ ಹಿಂದೆ ರಂಧ್ರಗಳಿರುತ್ತವೆ. ಅದೇ ಅಳತೆಯ ಬೋಲ್ಟು ಹಾಕಿಸಿ, ಓಡಿಸುವ ಮುನ್ನ ಮರೆಯದೆ ತೆಗೆಯಿರಿ. ಈ ಯಂತ್ರದೊಳಗೆ ಅದುರುವಿಕೆ ತಡೆಯಲು ಕಾಂಕ್ರೀಟಿನ ತುಂಡುಗಳಿರುವುದರಿಂದ ಒಬ್ಬರೇ ಎತ್ತುವ ಸಾಹಸ ಬೇಡ.

ಲಗೇಜ್ ಆಟೋದಲ್ಲಿ ಭತ್ತದ ಹುಲ್ಲಿನ ದಪ್ಪ ಹಾಸು ಹಾಕಿ ಯಂತ್ರವನ್ನು ನಿಲ್ಲಿಸಿಯೇ ತನ್ನಿ. ಮಲಗಿಸಿದರೆ ಗೇರ್ ಪೆಟ್ಟಿಗೆಯ ಎಣ್ಣೆ ಸೋರಿ ಬೆಲ್ಟಿಗೆ ತಗಲುತ್ತದೆ. ಮನೆಯಲ್ಲಿ ನೀರು ನಿಲ್ಲದ, ಮಟ್ಟಸವಾದ ಜಾಗ ನೋಡಿ. ಹಿಂಡುವ ಬುಟ್ಟಿ ನಿಮಿಷಕ್ಕೆ ಸುಮಾರು 1350 ಸುತ್ತು ತಿರುಗುತ್ತದೆ. ಬುಟ್ಟಿಯ ತ್ರಿಜ್ಯ 10 ಸೆಂಟಿಮೀಟರ್ ಎಂದು ಲೆಕ್ಕ ಹಾಕಿದರೆ ಒಳಗಿನ ಬಟ್ಟೆಯ ಮೇಲಿನ ವೇಗೋತ್ಕರ್ಷ ಗುರುತ್ವದ ಸುಮಾರು 200 ಪಟ್ಟು! ಒಂದು ಒದ್ದೆ ಟವಲು ಒಂದೇ ಪಕ್ಕಕ್ಕೆ ಸೇರಿದರೆ ಯಂತ್ರ ಕುಣಿಯುವುದು ಇದಕ್ಕೇ.

ದುರಸ್ತಿ: ಪಂಪ್‌ಸೆಟ್ಟಿನವರೇ ಗುರುಗಳು

ನಿಮ್ಮ ಯಂತ್ರದ ಬಿಡಿ ಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಎದೆಗುಂದಬೇಡಿ. ಬೇರಿಂಗಿನ ಮೇಲೆ ಅಂಕಿ ಕೊರೆದಿರುತ್ತದೆ. ಎಣ್ಣೆ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಇರುತ್ತವೆ. ಬೆಲ್ಟಿನ ಮೇಲೂ ಅಳತೆ ಇರುತ್ತದೆ. ಅದೇ ಅಳತೆಯ ವಸ್ತು ವಾಹನಗಳ ಅಥವಾ ಪಂಪುಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗಬಹುದು. ಮೋಟರು ಸುಟ್ಟಿದ್ದರೆ ತಾಲ್ಲೂಕು ಕೇಂದ್ರದ ರಿವೈಂಡಿಂಗ್ ಅಂಗಡಿಗೆ ಒಯ್ಯಿರಿ. ಕೊಳವೆ ಬಾವಿಯ ಪಂಪುಗಳನ್ನು ಸುತ್ತಿ ಪಳಗಿದ ಕೈಗಳಿಗೆ ಇದು ಸಣ್ಣ ಕೆಲಸ. ಒಂದು ವಿಷಯವನ್ನು ಮಾತ್ರ ಅವರಿಗೆ ನೆನಪಿಸಿ. ಒಗೆಯುವ ಮೋಟರು ಎಡಕ್ಕೂ ಬಲಕ್ಕೂ ತಿರುಗಬೇಕಾದ್ದರಿಂದ ಅದರ ಎರಡೂ ಸುರುಳಿಗಳು ಒಂದೇ ಬಗೆಯವು. ಟೈಮರು ಕೆಪಾಸಿಟರನ್ನು ಒಮ್ಮೆ ಒಂದಕ್ಕೆ, ಒಮ್ಮೆ ಇನ್ನೊಂದಕ್ಕೆ ಜೋಡಿಸಿ ದಿಕ್ಕು ಬದಲಿಸುತ್ತದೆ. ಪಂಪಿನ ಮೋಟರಿನಂತೆ ಒಂದು ಸುರುಳಿಯನ್ನು ತೆಳುವಾಗಿ ಸುತ್ತಿದರೆ ಯಂತ್ರ ಒಂದು ದಿಕ್ಕಿಗೆ ಮಾತ್ರ ಬಲವಾಗಿ ತಿರುಗುತ್ತದೆ.

ಗುಂಯ್ ಎಂದು ಸದ್ದು ಮಾಡಿ ತಿರುಗದಿದ್ದರೆ ಎರಡನ್ನು ಸಂಶಯಿಸಿ. ಒಂದು ಕೆಪಾಸಿಟರು. ಇನ್ನೊಂದು ನಿಮ್ಮ ಊರಿನ ವೋಲ್ಟೇಜು. ಇಂಡಕ್ಷನ್ ಮೋಟರಿನ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ಇರಬೇಕಾದ ಕಡೆ 170 ಇದ್ದರೆ ಬಲ ಸುಮಾರು 55 ಶೇಕಡಕ್ಕೆ ಇಳಿಯುತ್ತದೆ. ತಿರುಗದೆ ನಿಂತ ಮೋಟರು ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಕೊಬ್ಬರಿ ಎಣ್ಣೆಯನ್ನು ಬೇರಿಂಗಿಗೆ ಬಿಡುವ ಅಭ್ಯಾಸವೂ ಬೇಡ. ಅದು ಕಾಲಕ್ರಮದಲ್ಲಿ ಅಂಟಾಗಿ ಹಿಡಿದುಕೊಳ್ಳುತ್ತದೆ.

ಈಗ ಪ್ರಾಣಕ್ಕೆ ಸಂಬಂಧಿಸಿದ ಮಾತು. ನೀರು, ತಗಡು, ವಿದ್ಯುತ್ತು ಮೂರೂ ಒಂದೇ ಕಡೆ ಇರುವ ಯಂತ್ರವಿದು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು. ಬಿರುಕು ಬಿಟ್ಟ ಹಳೆಯ ರಬ್ಬರ್ ವಯರುಗಳನ್ನೆಲ್ಲ ಬದಲಿಸಿ. ವಿದ್ಯುತ್ ಕೆಲಸದವರಿಂದ 500 ವೋಲ್ಟಿನ ಮೆಗ್ಗರ್ ಹಿಡಿಸಿ ನಿರೋಧವನ್ನು ಅಳೆಯಿಸಿ. ಒಂದು ಮೆಗಾ ಓಮ್‌ಗಿಂತ ಕಡಿಮೆಯಿದ್ದರೆ ಓಡಿಸಬೇಡಿ. ಮೂರು ಪಿನ್ನಿನ ಪ್ಲಗ್ಗು, ನಿಜವಾಗಿ ನೆಲಕ್ಕೆ ಸೇರಿರುವ ಅರ್ಥಿಂಗ್, 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚು, ಈ ಮೂರೂ ಇರಲಿ. ಕೆಪಾಸಿಟರನ್ನು ಮುಟ್ಟುವ ಮೊದಲು ಅದರಲ್ಲಿ ಉಳಿದ ವಿದ್ಯುತ್ತನ್ನು ಕೆಲಸ ಬಲ್ಲವರಿಂದ ಇಳಿಸಿಸಿ. 1980ಕ್ಕಿಂತ ಹಿಂದಿನ ವಿದೇಶೀ ಕೆಪಾಸಿಟರುಗಳಲ್ಲಿ ಪಿ.ಸಿ.ಬಿ. ಎಂಬ ವಿಷಕಾರಿ ಎಣ್ಣೆ ಇರಬಹುದು, ಅದನ್ನು ಕೊಯ್ದು ನೋಡಬೇಡಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣದಾಗಿ ಉಜ್ಜಿ ಪುಡಿ ಎಬ್ಬಿಸಬೇಡಿ.

ಕ್ಯಾಸನೂರಿನ ಲೆಕ್ಕ

ಯಂತ್ರ ತಿರುಗಿತು, ಮನೆಯವರೆಲ್ಲ ಸಂತೋಷಪಟ್ಟರು. ಇನ್ನು ಮುಂದೆ ಶ್ರಮವೇ ಇಲ್ಲವೆ? ಸಣ್ಣ ಲೆಕ್ಕ ಮಾಡೋಣ. ಒಗೆಯಲು ಒಮ್ಮೆ, ಜಾಲಿಸಲು ಎರಡು ಬಾರಿ, ಒಟ್ಟು ಮೂರು ಸಲ 40 ಲೀಟರಿನಂತೆ ತುಂಬಿದರೆ 120 ಲೀಟರು ನೀರು ಬೇಕು. ಬಾವಿಯಿಂದ ಸೇದುವ ಮನೆಯಲ್ಲಿ ಅದು ಹನ್ನೆರಡು ಕೊಡ. ಕಲ್ಲಿನ ಮೇಲೆ ಒಗೆಯುವಾಗ ಹೆಂಗಸರು ಬಟ್ಟೆಯನ್ನು ನೀರಿದ್ದಲ್ಲಿಗೆ ಒಯ್ಯುತ್ತಿದ್ದರು. ಈಗ ನೀರನ್ನು ಬಟ್ಟೆ ಇದ್ದಲ್ಲಿಗೆ ತರಬೇಕು! ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ಇಂಥದೇ ಮಾತನ್ನು ತೋರಿಸಿಕೊಟ್ಟರು. ಗೃಹೋಪಯೋಗಿ ಯಂತ್ರಗಳು ಬಂದ ಮೇಲೆ ಕೆಲಸದ ಕಷ್ಟ ಇಳಿಯಿತು, ಆದರೆ ಗೃಹಿಣಿ ಮನೆಗೆಲಸಕ್ಕೆ ಕೊಡುವ ಹೊತ್ತು ಅಷ್ಟಾಗಿ ಇಳಿಯಲಿಲ್ಲ. ಬಟ್ಟೆಯನ್ನು ಹೆಚ್ಚು ಸಲ ಒಗೆಯುವುದು ರೂಢಿಯಾಯಿತು. ಹಿಂದೆ ಗಂಡಸರು, ಮಕ್ಕಳು, ಕೂಲಿಯವರು ಹಂಚಿಕೊಳ್ಳುತ್ತಿದ್ದ ಕೆಲಸವೂ ಅವಳೊಬ್ಬಳ ಪಾಲಾಯಿತು. ಹಾಗಾಗಿ ಯಂತ್ರದ ಜೊತೆಗೆ ನೀರಿನ ಪೈಪು ಎಳೆಸುವುದನ್ನೂ ದುರಸ್ತಿಯ ಖರ್ಚಿನಲ್ಲೇ ಸೇರಿಸಿ.

ಇನ್ನೊಂದು ಪಾಲು ಉಷ್ಣದ್ದು. ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯ ಗ್ರಂಥಗಳಲ್ಲಿದೆ ಎಂಬುದು ನಿಮಗೆ ಗೊತ್ತೇ ಇದೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂತು. ಟೆಲ್ಫರ್ಡ್ ವರ್ಕ್ ಮುಂದಾಳುತನದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಅದೇ ಕ್ಯಾಸನೂರು ಕಾಡಿನ ಕಾಯಿಲೆ, ಜನರ ಮಾತಿನ ಮಂಗನ ಕಾಯಿಲೆ. ಇದನ್ನು ಹರಡುವುದು ಹೀಮೋಫೈಸಾಲಿಸ್ ಜಾತಿಯ ಉಣುಗು. ಸೌದೆಗೆ, ದರಗಿಗೆ, ದನ ಕಾಯಲು ಕಾಡಿಗೆ ಹೋದವರ ಮೈಗೂ ಬಟ್ಟೆಗೂ ಸಾಸಿವೆ ಕಾಳಿಗಿಂತ ಸಣ್ಣದಾದ ಮರಿ ಉಣುಗುಗಳು ಹತ್ತಿಕೊಂಡು ಬರುತ್ತವೆ. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಲಸಿಕೆ ಇರಲಿ ಇಲ್ಲದಿರಲಿ, ಉಣುಗು ಕಚ್ಚದಂತೆ ನೋಡಿಕೊಳ್ಳುವುದು ಎಂದಿಗೂ ಮೊದಲ ರಕ್ಷಣೆ. ಕಾಡಿನಿಂದ ಬಂದೊಡನೆ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ, ಬಟ್ಟೆಯನ್ನೂ ಹಾಗೆಯೇ ತೊಳೆಯಿರಿ ಎಂದು ಆರೋಗ್ಯ ಇಲಾಖೆ ಹೇಳುತ್ತ ಬಂದಿದೆ.

ಒಗೆಯುವ ಯಂತ್ರದಲ್ಲಿ ಹಾಕಿದರೆ ಉಣುಗು ಸಾಯುವುದಿಲ್ಲವೆ? ಸಾಯದಿರಬಹುದು! 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಉಣುಗುಗಳನ್ನು ಬಟ್ಟೆಯೊಡನೆ ಯಂತ್ರಕ್ಕೆ ಹಾಕಿ ನೋಡಿದರು. ತಣ್ಣೀರಿನಲ್ಲಿ ಒಗೆದಾಗ ಬಹುಪಾಲು ಉಣುಗುಗಳು ಬದುಕಿಯೇ ಹೊರಬಂದವು. ನೀರಿನ ಉಷ್ಣತೆ 54 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ದಾಗ ಎಲ್ಲವೂ ಸತ್ತವು. ಅವು ಅಲ್ಲಿನ ಬೇರೆ ಜಾತಿಯ ಉಣುಗುಗಳು ನಿಜ, ಆದರೂ ನಮ್ಮಲ್ಲಿನ ಬಿಸಿನೀರಿನ ಸಲಹೆಗೆ ಈ ಪ್ರಯೋಗ ಬಲ ಕೊಡುತ್ತದೆ. ಸಿನ್ನರ್ ವೃತ್ತವನ್ನು ನೆನೆಯಿರಿ. ಕೊಳೆಯ ವಿಷಯದಲ್ಲಿ ಉಷ್ಣ ಕಡಿಮೆಯಾದರೆ ತಿರುಗುವಿಕೆ ಹೆಚ್ಚಿಸಿ ಸರಿದೂಗಿಸಬಹುದು. ಉಣುಗಿನ ವಿಷಯದಲ್ಲಿ ಆ ಚೌಕಾಶಿ ನಡೆಯುವುದಿಲ್ಲ.

ನಿಮ್ಮ ಎರಡು ತೊಟ್ಟಿಯ ಯಂತ್ರದಲ್ಲಿ ನೀರು ಕಾಯಿಸುವ ವ್ಯವಸ್ಥೆಯೇ ಇಲ್ಲ. ಅದರ ಹಳೆಯ ಪ್ಲಾಸ್ಟಿಕ್ ತೊಟ್ಟಿಗೆ ಕುದಿನೀರು ಸುರಿದರೆ ಸೊಟ್ಟಗಾದೀತು. ಆದರೆ ನಿಮ್ಮ ಬಚ್ಚಲಿನಲ್ಲಿ ಹಂಡೆ ಇದೆಯಲ್ಲ! ಕಾಡಿನಿಂದ ಬಂದ ಬಟ್ಟೆಯನ್ನು ಮೂಲೆಗೆ ಎಸೆಯದೆ ಬಚ್ಚಲಲ್ಲೇ ಕಳಚಿ, ಲೋಹದ ಪಾತ್ರೆಯಲ್ಲಿ ಕೈಯಿಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಸಾಬೂನು ಪುಡಿಯೊಡನೆ ಪೂರ್ತಿ ಮುಳುಗಿಸಿ. ನೀರು ತಣಿದ ಮೇಲೆ ಯಂತ್ರಕ್ಕೆ ಹಾಕಿ. ಉಬ್ಬೆಯ ಕೆಲಸ ಹಂಡೆಗೆ, ಕಲ್ಲಿನ ಕೆಲಸ ಯಂತ್ರಕ್ಕೆ.

ಇದಕ್ಕೆ ತಗಲುವ ಶಕ್ತಿ ಎಷ್ಟು? 350 ವ್ಯಾಟಿನ ಮೋಟರು 15 ನಿಮಿಷ ತಿರುಗಿದರೆ 0.09 ಯೂನಿಟ್ಟಿನಷ್ಟು ವಿದ್ಯುತ್ತು. 20 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.8 ಯೂನಿಟ್ಟು. ಅಂದರೆ ಒಂಬತ್ತು ಪಟ್ಟು! ಯಂತ್ರ ನಮ್ಮ ಕಣ್ಣಿಗೆ ದೊಡ್ಡದಾಗಿ ಕಂಡರೂ ಶಕ್ತಿಯ ಬಹುಪಾಲು ಬೇಡುವುದು ಬಿಸಿನೀರು. ದಕ್ಷತೆ ಕಡಿಮೆಯಿರುವ ಹಳೆಯ ಬಚ್ಚಲೊಲೆಯಲ್ಲಿ ಅಷ್ಟು ನೀರಿಗೆ ಸುಮಾರು ಎರಡು ಕಿಲೋ ಸೌದೆ ಬೇಕು. ಆ ಸೌದೆ ಬರುವುದೆಲ್ಲಿಂದ? ಕಾಡಿನಿಂದ. ಉಣುಗು ಇರುವುದೆಲ್ಲಿ? ಅದೇ ಕಾಡಿನಲ್ಲಿ. ಉಣುಗನ್ನು ಕೊಲ್ಲುವ ಬಿಸಿನೀರಿಗಾಗಿ ಉಣುಗಿನ ಬಾಯಿಗೇ ಹೋಗಬೇಕಾದ ವಿಪರೀತ ಇದು.

ಈ ಬಳೆಯನ್ನು ಕತ್ತರಿಸಲು ದಾರಿಗಳಿವೆ. ಅಡಿಕೆ ಸಿಪ್ಪೆ, ತೆಂಗಿನ ಮೊಟ್ಟೆ ಮನೆಯಂಗಳದಲ್ಲೇ ಸಿಗುವ ಉರುವಲು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ವಿಭಾಗ ರೂಪಿಸಿದ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಹೆಚ್ಚು ಉರಿ ಕೊಡುವುದನ್ನು ತೋರಿಸಿತು. ಬಚ್ಚಲೊಲೆಗೂ ಅದೇ ತತ್ತ್ವ ಹೊಂದುತ್ತದೆ. ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇ ತನಕ. ಅದು ಮಲೆನಾಡಿನಲ್ಲೂ ಬಿಸಿಲು ಧಾರಾಳವಾಗಿರುವ ಕಾಲ. ಸೌರ ನೀರು ಕಾಯಕ ಆ ತಿಂಗಳುಗಳಲ್ಲಿ ಚೆನ್ನಾಗಿ ನಡೆಯುತ್ತದೆ.

ಹಳೆಯ ಯಂತ್ರವನ್ನು ಖಂಡಿತ ಕೊಳ್ಳಿ, ಸರಿಪಡಿಸಿ, ಮಕ್ಕಳಿಗೆ ಬಿಚ್ಚಿ ತೋರಿಸಿ. ಶೇಫರನ ಕಡಗೋಲು, ಟೆಸ್ಲಾನ ಮೋಟರು, ಜಪಾನಿನ ತಟ್ಟೆ ಎಲ್ಲವನ್ನೂ ಅದರಲ್ಲಿ ಅವರು ಕಾಣಲಿ. ಆದರೆ ಯಂತ್ರ ತಂದ ಸಡಗರದಲ್ಲಿ ಬಚ್ಚಲ ಹಂಡೆಯನ್ನು ಅದೇ ಗುಜರಿ ಅಂಗಡಿಗೆ ಹಾಕಿ ಬರಬೇಡಿ!